ಪೆಟ್ಟಿಗೆ ಸರಿ, ಆಪರೇಟಿಂಗ್ ಸಿಸ್ಟಂ ಎಲ್ಲಿ?

1998ರ ನವೆಂಬರ್‌ನಲ್ಲಿ ಜರ್ಮನಿಯ ಕಲೋನ್ ನಗರದ ಕಂಪ್ಯೂಟರ್ ಮೇಳದಲ್ಲಿ ಒಂದು ಘೋಷಣೆ ಹೊರಬಿತ್ತು. ತಯಾರಕ ಕಂಪನಿ ಕಮಡೋರ್ 1994ರಲ್ಲಿ ದಿವಾಳಿಯಾದ ಮೇಲೆ ಕೈಯಿಂದ ಕೈಗೆ ಮಾರಾಟವಾಗುತ್ತ ಬಂದಿದ್ದ ‘ಅಮಿಗಾ’ ಎಂಬ ಮನೆ ಕಂಪ್ಯೂಟರ್ ಹೊಸ ರೂಪದಲ್ಲಿ ಬರಲಿದೆ, ಅದರ ಆಪರೇಟಿಂಗ್ ಸಿಸ್ಟಂಗೆ ಕೆನಡಾದ ಕ್ಯೂಎನ್‌ಎಕ್ಸ್ ಕಂಪನಿ ತಳಪಾಯ ಒದಗಿಸಲಿದೆ ಎಂಬುದು ಅದರ ಸಾರ. ಅಲ್ಲಿಂದ ಮುಂದೆ ಯುರೋಪು, ಅಮೆರಿಕದ ಅಮಿಗಾ ಅಭಿಮಾನಿಗಳ ನಡುವೆ ವದಂತಿಗಳಿಗೆ ಬಿಡುವೇ ಇರಲಿಲ್ಲ. ಒಳಗಿನ ಚಿಪ್ ಯಾರದು? ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಕೆಲಸಕ್ಕಿದ್ದ, ಏನು ಮಾಡುತ್ತಿದ್ದೇವೆಂದು ಯಾರಿಗೂ ಬಾಯಿಬಿಡದ ಟ್ರಾನ್ಸ್‌ಮೆಟಾ ಕಂಪನಿಯದ್ದೇ ಇರಬೇಕೆಂದು ಹಲವರು ನಂಬಿದರು. ಅಷ್ಟರಲ್ಲಿ 1999ರ ಜುಲೈನಲ್ಲಿ ಅಮಿಗಾದ ಅಧ್ಯಕ್ಷ ಜಿಮ್ ಕೊಲಾಸ್, ಕ್ಯೂಎನ್‌ಎಕ್ಸ್ ಬೇಡ, ಲಿನಕ್ಸನ್ನೇ ಆರಿಸಿಕೊಂಡಿದ್ದೇವೆ ಎಂದರು. ಹೆಚ್ಚು ದಿನ ಕಳೆಯುವ ಮೊದಲೇ ಅವರೂ ಹೊರನಡೆದರು. ವರ್ಷ ಮುಗಿಯುವುದರೊಳಗೆ ಯಂತ್ರದ ಯೋಜನೆ ಬಿದ್ದುಹೋಯಿತು, ಒಡೆಯನಾಗಿದ್ದ ಗೇಟ್‌ವೇ ಕಂಪನಿ ಅಮಿಗಾ ಹೆಸರನ್ನೂ ಮಾರಿ ಕೈತೊಳೆದುಕೊಂಡಿತು.

ಹೀಗೆ ಹುಟ್ಟುವ ಮೊದಲೇ ಸತ್ತ ಕಂಪ್ಯೂಟರ್ ಇದೊಂದೇ ಅಲ್ಲ. ಆದರೆ ಹೊಸ ಕಂಪ್ಯೂಟರಿನ ಸುದ್ದಿ ಕೇಳಿದಾಗ ನಾವು ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಇದರಷ್ಟು ಚೆನ್ನಾಗಿ ತೋರಿಸಿಕೊಡುವ ಪ್ರಕರಣ ಇನ್ನೊಂದಿಲ್ಲ. ಚಿಪ್ ಎಷ್ಟು ವೇಗದ್ದು, ಬೆಲೆ ಎಷ್ಟು, ಪೆಟ್ಟಿಗೆ ನೋಡಲು ಹೇಗಿದೆ ಎಂಬ ಮಾತುಗಳೇ ವದಂತಿಯ ಮುಕ್ಕಾಲು ಪಾಲು ತುಂಬಿಕೊಂಡಿರುತ್ತವೆ. ಸುದ್ದಿ ನಿಲ್ಲುವುದೂ ಬೀಳುವುದೂ ಮಾತ್ರ ಇನ್ನೊಂದರ ಮೇಲೆ: ಆ ಯಂತ್ರದ ಆಪರೇಟಿಂಗ್ ಸಿಸ್ಟಂ ಇವತ್ತು ಎಲ್ಲಾದರೂ ಓಡುತ್ತಿದೆಯೇ? ಚಿಪ್ಪನ್ನು ಮಾರುಕಟ್ಟೆಯಿಂದ ಕೊಂಡು ತರಬಹುದು, ಪೆಟ್ಟಿಗೆಯನ್ನು ಹೊರಗಿನವರಿಂದ ಮಾಡಿಸಬಹುದು. ಕೀಲಿಮಣೆ ಒತ್ತಿದ್ದರಿಂದ ಹಿಡಿದು ಕಡತ ಉಳಿಸುವ ತನಕ ಎಲ್ಲವನ್ನೂ ನಿಭಾಯಿಸುವ ತಂತ್ರಾಂಶ ಪಳಗಲು ವರ್ಷಗಳೇ ಬೇಕು, ಹಣ ಸುರಿದರೂ ಆ ಕಾಲ ಅಷ್ಟಾಗಿ ಕುಗ್ಗುವುದಿಲ್ಲ.

ಇದಕ್ಕೆ ಮೂಲ ಅಮಿಗಾವೇ ಸಾಕ್ಷಿ. 1985ರ ಜುಲೈನಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಅದರ ಬಿಡುಗಡೆಯಾದಾಗ ಕಲಾವಿದ ಆ್ಯಂಡಿ ವಾರ್ಹಾಲ್ ವೇದಿಕೆಯ ಮೇಲೆಯೇ ಗಾಯಕಿ ಡೆಬ್ಬಿ ಹ್ಯಾರಿಯ ಚಿತ್ರವನ್ನು ಆ ಕಂಪ್ಯೂಟರಿನಲ್ಲಿ ಬಿಡಿಸಿದ್ದರು. 4096 ಬಣ್ಣಗಳು, ನಾಲ್ಕು ಧ್ವನಿವಾಹಿನಿಗಳು, ಏಕಕಾಲಕ್ಕೆ ಹಲವು ಕಾರ್ಯಕ್ರಮಗಳನ್ನು ಓಡಿಸುವ ಶಕ್ತಿ, ಇಷ್ಟೆಲ್ಲ ಇದ್ದ ಯಂತ್ರದ ಬೆಲೆ ಮಾನಿಟರ್ ಬಿಟ್ಟು 1295 ಡಾಲರ್. ಅಷ್ಟಾದರೂ ಮೊದಲ ಮಾದರಿಯನ್ನು ಆನ್ ಮಾಡಿದರೆ ಪರದೆಯ ಮೇಲೆ ಮೊದಲು ಮೂಡುತ್ತಿದ್ದದ್ದು ಫ್ಲಾಪಿ ಹಿಡಿದ ಒಂದು ಕೈಯ ಚಿತ್ರ. ‘ಕಿಕ್‌ಸ್ಟಾರ್ಟ್’ ಎಂಬ ಫ್ಲಾಪಿ ಹಾಕಿ, ಅದು ಪ್ರತ್ಯೇಕ ಸ್ಮೃತಿಗೆ ಏರುವ ತನಕ ಕಾಯಬೇಕಿತ್ತು. ಕಾರಣ ಸರಳ: ವ್ಯವಸ್ಥೆಯ ಮೂಲಭಾಗ ಅಳಿಸಿ ಬರೆಯಲಾಗದ ಚಿಪ್ಪಿನಲ್ಲಿ ಶಾಶ್ವತವಾಗಿ ಅಚ್ಚೊತ್ತುವಷ್ಟು ಇನ್ನೂ ಪಕ್ಕಾ ಆಗಿರಲಿಲ್ಲ. ಕಡತಗಳನ್ನು ನೋಡಿಕೊಳ್ಳುವ ಭಾಗವಂತೂ ಗಡುವಿನೊಳಗೆ ಮುಗಿಯದೆ, ಟ್ರೈಪಾಸ್ ಎಂಬ ಬ್ರಿಟಿಷ್ ವ್ಯವಸ್ಥೆಯನ್ನು ತಂದು ಜೋಡಿಸಬೇಕಾಯಿತು. ಜೇ ಮೈನರ್ ಅವರಂಥ ಪ್ರತಿಭಾವಂತರ ತಂಡ ಯಂತ್ರವನ್ನು ಸಿದ್ಧಮಾಡಿಟ್ಟಾಗಲೂ ತಂತ್ರಾಂಶ ಹಿಂದೆ ಬಿದ್ದಿತ್ತು ಎಂದಾದರೆ, 1999ರಲ್ಲಿ ತಳಪಾಯವನ್ನೇ ನಡುವೆ ಬದಲಿಸಿದ ತಂಡದ ಮಾತಿನ ಮೇಲೆ ಎಷ್ಟು ಭಾರ ಹಾಕಬಹುದಿತ್ತು? ಆ್ಯಪಲ್‌ನಂಥ ದೊಡ್ಡ ಕಂಪನಿಯೂ ‘ಕೋಪ್‌ಲ್ಯಾಂಡ್’ ಎಂಬ ಹೊಸ ವ್ಯವಸ್ಥೆಯ ಭರವಸೆಯನ್ನು ವರ್ಷಗಟ್ಟಲೆ ಕೊಟ್ಟು 1996ರಲ್ಲಿ ಅದನ್ನು ಕೈಬಿಟ್ಟಿತು. ಆಗ ಬೇರೊಂದು ವ್ಯವಸ್ಥೆಗಾಗಿ ಬೀ ಎಂಬ ಕಂಪನಿಯನ್ನು ಆ್ಯಪಲ್ ಕೊಳ್ಳಲಿದೆ ಎಂಬ ವದಂತಿ ಜೋರಾಗಿತ್ತು. ಡಿಸೆಂಬರ್‌ನಲ್ಲಿ ಅದು ಕೊಂಡದ್ದು ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಕಂಪನಿಯನ್ನು. ಸಿದ್ಧವಿದ್ದ ನೆಕ್ಸ್ಟ್ ವ್ಯವಸ್ಥೆಯನ್ನು ಪಳಗಿಸಿ ಮ್ಯಾಕ್ ಓಎಸ್ ಟೆನ್ ಆಗಿ ಜನರಿಗೆ ಕೊಡಲು 2001ರ ಮಾರ್ಚ್ ಬರಬೇಕಾಯಿತು.

ವದಂತಿಗಳು ನಿಜವಾದದ್ದೂ ಇದೆಯಲ್ಲ ಎಂದು ಕೇಳಬಹುದು. ಖಂಡಿತ ಇದೆ, ಮತ್ತು ಆ ಉದಾಹರಣೆಯೇ ನನ್ನ ಮಾತನ್ನು ಗಟ್ಟಿ ಮಾಡುತ್ತದೆ. ಆ್ಯಪಲ್ ತನ್ನ ಮ್ಯಾಕ್‌ಗಳನ್ನು ಇಂಟೆಲ್ ಚಿಪ್‌ಗೆ ಬದಲಿಸುತ್ತದೆ ಎಂಬ ಗಾಳಿಮಾತನ್ನು ಬಹುಮಂದಿ ತಳ್ಳಿಹಾಕಿದ್ದರು. 2005ರ ಜೂನ್ 6ರಂದು ಜಾಬ್ಸ್ ಅದನ್ನು ಒಪ್ಪಿಕೊಂಡರು. ಮ್ಯಾಕ್ ಓಎಸ್ ಟೆನ್ ಐದು ವರ್ಷಗಳಿಂದಲೂ ಗುಟ್ಟಾಗಿ ಇಂಟೆಲ್ ಮೇಲೆ ಓಡುತ್ತಲೇ ಇತ್ತೆಂದೂ, ಆ ಹೊತ್ತು ವೇದಿಕೆಯ ಮೇಲೆ ತೋರಿಸುತ್ತಿದ್ದುದೂ ಇಂಟೆಲ್ ಯಂತ್ರದಲ್ಲೇ ಎಂದೂ ತಿಳಿಸಿದರು. ತಂತ್ರಾಂಶ ಬರೆಯುವವರಿಗೆ ಪರೀಕ್ಷಾ ಯಂತ್ರಗಳನ್ನು ಕೂಡಲೇ ಒದಗಿಸಲಾಯಿತು. 2006ರ ಜನವರಿಯಲ್ಲಿ ಹೊಸ ಮ್ಯಾಕ್ ಮಾರಾಟಕ್ಕೆ ಬಂತು. ಅಲ್ಲಿ ಚಿಪ್ ಬದಲಾಗುವ ಮೊದಲೇ ವ್ಯವಸ್ಥೆ ಸಿದ್ಧವಿತ್ತು. ಅಮಿಗಾದಲ್ಲಿ ಎಲ್ಲ ಮಾತು ಮುಗಿದ ಮೇಲೂ ಅದೊಂದು ಸಿದ್ಧವಿರಲಿಲ್ಲ.

ಕಂಪನಿ ಗುಟ್ಟು ಬಿಡದಿದ್ದರೆ ಸಾಮಾನ್ಯ ಓದುಗ ಇದನ್ನೆಲ್ಲ ತಿಳಿಯುವುದು ಹೇಗೆ ಎಂಬುದು ನ್ಯಾಯವಾದ ಆಕ್ಷೇಪ. ಒಳಗುಟ್ಟು ನಮಗೆ ತಿಳಿಯದು, ಹೊರಗಿನ ಕುರುಹುಗಳಾದರೂ ಕಾಣುತ್ತವೆ. ಬೇರೆ ಕಂಪನಿಗಳು ಆ ಯಂತ್ರಕ್ಕಾಗಿ ತಂತ್ರಾಂಶ ಬರೆಯತೊಡಗಿವೆಯೇ? ಪರೀಕ್ಷಾ ಪ್ರತಿ ಹೊರಗಿನವರ ಕೈಗೆ ಸಿಕ್ಕಿದೆಯೇ? ಒಮ್ಮೆ ಹೇಳಿದ ತಳಪಾಯ ಮತ್ತೆ ಬದಲಾಯಿತೇ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಕಾಯುವುದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ವದಂತಿಯಿಂದ ನಷ್ಟವೇನು, ಅಭಿಮಾನಿಗಳ ಉತ್ಸಾಹವಾದರೂ ಉಳಿಯಿತಲ್ಲ ಎನ್ನುವವರೂ ಇದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆ ಉತ್ಸಾಹವಿಲ್ಲದಿದ್ದರೆ ಬೆಲ್ಜಿಯಂನ ಹೈಪೀರಿಯನ್ ಕಂಪನಿ ಅಮಿಗಾ ಓಎಸ್ 4 ಅನ್ನು ಬರೆದು ಮುಗಿಸುತ್ತಿರಲಿಲ್ಲ. ಆದರೆ ಅದರ ಅಂತಿಮ ರೂಪ ಹೊರಬಂದದ್ದು 2006ರ ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ಅದು ಓಡಬೇಕಾದ ಅಮಿಗಾವನ್ ಯಂತ್ರದ ತಯಾರಿಕೆಯೇ ನಿಂತುಹೋಗಿತ್ತು. ನಿಷ್ಠೆಯಿಂದ ಕಾದವರ ಪಾಲಿಗೆ ಅದು ದೊಡ್ಡ ಅನ್ಯಾಯ. ‘ಇನ್ನೇನು ಬಂದೇಬಿಟ್ಟಿತು’ ಎಂಬ ಮಾತು ಕೇಳಿ ಕೊಳ್ಳುವವರು ಕಾದರೆ, ಇರುವ ಯಂತ್ರಕ್ಕೆ ತಂತ್ರಾಂಶ ಬರೆಯುವವರಿಗೂ ಅಂಗಡಿಯವರಿಗೂ ಆ ಕಾಲದ ಗಳಿಕೆ ತಪ್ಪುತ್ತದೆ.

ಕನ್ನಡದ ಓದುಗರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ನುಡಿ, ಬರಹಗಳಂಥ ತಂತ್ರಾಂಶಗಳು ಬೆಳೆದದ್ದು ವಿಂಡೋಸ್ ಮೇಲೆ. ಯುನಿಕೋಡ್‌ಗೆ ಮುಂಚಿನ ಅಕ್ಷರಶೈಲಿಗಳಲ್ಲಿ ಉಳಿಸಿದ ದಾಖಲೆಗಳು ಇನ್ನೂ ಎಷ್ಟೋ ಕಡೆ ಇವೆ. ಹೊಸ ಕಂಪ್ಯೂಟರ್, ಹೊಸ ಆಪರೇಟಿಂಗ್ ಸಿಸ್ಟಂ ಬರಲಿದೆ ಎಂಬ ಸುದ್ದಿ ಬಂದಾಗ ಅದರ ಬೆಲೆ ವಿಚಾರಿಸುವ ಮೊದಲು ನಿಮ್ಮ ಹಳೆಯ ಕನ್ನಡ ಕಡತವೊಂದು ಅದರಲ್ಲಿ ತೆರೆದುಕೊಳ್ಳುತ್ತದೆಯೇ ಎಂದು ವಿಚಾರಿಸಿ. ತೆರೆದು ತೋರಿಸುವವರು ಸಿಗುವ ತನಕ ಕೈಯಲ್ಲಿರುವ ಕಂಪ್ಯೂಟರನ್ನೇ ಬಳಸಿ.