ತರಬೇತಿಯ ಲಾಭ ಯಾರ ಲೆಕ್ಕಕ್ಕೆ?

ಉದ್ಯೋಗಿಗಳ ತರಬೇತಿಗೆ ಹಾಕಿದ ಹಣ ವಾಪಸ್ ಬಂತೇ ಎಂದು ಕೇಳಿಕೊಳ್ಳುವ ಸಂಸ್ಥೆಗಳು ಕಡಿಮೆ. ಕೇಳಿಕೊಂಡರೂ ಉತ್ತರ ಹುಡುಕುವುದು ಸಾಮಾನ್ಯವಾಗಿ ಕೊನೆಯ ದಿನ ಹಂಚುವ ಫೀಡ್‌ಬ್ಯಾಕ್ ಫಾರ್ಮಿನಲ್ಲಿ. ಜಯನಗರದ ಬ್ಯಾಂಕ್ ಶಾಖೆಯಾಗಲಿ, ಜೆ.ಪಿ. ನಗರದ ಆಸ್ಪತ್ರೆಯಾಗಲಿ, ಸಾಫ್ಟ್‌ವೇರ್ ಕಚೇರಿಯಾಗಲಿ, ಆ ಫಾರ್ಮಿನ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ವಿಷಯ ಅರ್ಥವಾಯಿತೇ, ಹೇಳಿಕೊಟ್ಟ ರೀತಿ ಹಿಡಿಸಿತೇ, ಏರ್ಪಾಡು ಚೆನ್ನಾಗಿತ್ತೇ. ಇವುಗಳಿಂದ ತಿಳಿಯುವುದು ಮೆಚ್ಚುಗೆ ಮಾತ್ರ.

ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಆರಂಭಿಸಿದ ಲೇಖನಮಾಲೆಯಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಹಂತಗಳನ್ನು ಸೂಚಿಸಿದರು. ಭಾಗವಹಿಸಿದವರಿಗೆ ಹಿಡಿಸಿತೇ ಎಂಬುದು ಅದರಲ್ಲಿ ಮೊದಲನೆಯದು ಅಷ್ಟೆ. ನಿಜವಾಗಿ ಏನಾದರೂ ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ ಎಂಬುವು ಉಳಿದ ಮೂರು. ಮುಂದೆ ಜ್ಯಾಕ್ ಫಿಲಿಪ್ಸ್ ಇದಕ್ಕೆ ಐದನೆಯ ಹಂತ ಸೇರಿಸಿದರು: ಬಂದ ಫಲವನ್ನು ಹಣಕ್ಕೆ ಪರಿವರ್ತಿಸಿ, ಖರ್ಚನ್ನು ಕಳೆದು, ಉಳಿದದ್ದನ್ನು ಖರ್ಚಿನಿಂದಲೇ ಭಾಗಿಸಿ, ನೂರರಿಂದ ಗುಣಿಸುವುದು. ಒಂದು ಲಕ್ಷ ಖರ್ಚಾಗಿ ಮೂರು ಲಕ್ಷದ ಫಲ ಬಂದರೆ ಪ್ರತಿಫಲ ಶೇ. 200.

ಸೂತ್ರ ಸುಲಭ, ಆ ಮೂರು ಲಕ್ಷ ತರಬೇತಿಯಿಂದಲೇ ಬಂದದ್ದೆಂದು ತೋರಿಸುವುದು ಕಷ್ಟ. ಇದನ್ನು ಗಟ್ಟಿಯಾಗಿ ತೋರಿಸಿದ ಪ್ರಯೋಗವೊಂದು ನಡೆದದ್ದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ. ಬಿಟಿಎಂ ಲೇಔಟ್ ಪಕ್ಕದ ಬೊಮ್ಮನಹಳ್ಳಿಯಿಂದ ಹೊಸೂರು ರಸ್ತೆಯುದ್ದಕ್ಕೂ, ಇತ್ತ ಮೈಸೂರು ರಸ್ತೆಯ ಕಡೆಗೂ ಹಬ್ಬಿರುವ ಈ ಉದ್ಯಮದಲ್ಲಿ ಹೊಲಿಗೆ ಮಿಷನ್ ಮುಂದೆ ಕೂರುವವರು ಬಹುಪಾಲು ಹೆಣ್ಣುಮಕ್ಕಳು. ಬಟ್ಟೆ ಬ್ರ್ಯಾಂಡ್ ಗ್ಯಾಪ್ 2007ರಲ್ಲಿ ಅವರಿಗಾಗಿ ‘ಪೇಸ್’ ಎಂಬ ತರಬೇತಿ ಆರಂಭಿಸಿತ್ತು. ಅದರಲ್ಲಿ ಹೊಲಿಗೆಯ ಪಾಠವಿಲ್ಲ. ಮೇಲಿನವರೊಂದಿಗೆ ಅಂಜದೆ ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಿಡಿಸುವುದು, ಹಣಕಾಸು ಮತ್ತು ಆರೋಗ್ಯದ ತಿಳಿವಳಿಕೆ ಇಂಥವು ಅದರ ವಿಷಯಗಳು. ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಐದು ಕಾರ್ಖಾನೆಗಳಲ್ಲಿ 2013ರಿಂದ ಸುಮಾರು ಒಂದು ವರ್ಷ, ಒಟ್ಟು 80 ಗಂಟೆ ನಡೆದ ಈ ತರಬೇತಿಯನ್ನು ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನ್ಯಶಾಧಮ್ ಅಳೆದರು.

ಅಳತೆಗೆ ಗಾರ್ಮೆಂಟ್ಸ್‌ಗಿಂತ ಒಳ್ಳೆಯ ಜಾಗ ಸಿಗುವುದು ಅಪರೂಪ. ಪ್ರತಿ ಕೆಲಸಕ್ಕೂ ಅಲ್ಲಿ ‘ಸ್ಯಾಮ್’ ಎಂಬ ನಿಗದಿತ ನಿಮಿಷಗಳಿರುತ್ತವೆ. ಅಂಗಿಗೆ ತೋಳು ಕೂರಿಸಲು 1.2 ನಿಮಿಷ ಎಂದಿಟ್ಟುಕೊಳ್ಳೋಣ. ಎಂಟು ಗಂಟೆಗೆ 480 ನಿಮಿಷ. ಟೈಲರ್ ಒಬ್ಬಳು 240 ಪೀಸ್ ಮಾಡಿದರೆ 288 ನಿಮಿಷದ ಕೆಲಸವಾಯಿತು. ಅವಳ ಎಫಿಶಿಯೆನ್ಸಿ ಶೇ. 60. ಅದೇ 280 ಪೀಸ್ ಆದರೆ ಶೇ. 70. ಲೈನಿನಲ್ಲಿ ಈ ಲೆಕ್ಕ ದಿನವೂ ನಡೆಯುತ್ತದೆ.

ಆದರೆ 60 ಇದ್ದದ್ದು 70 ಆಯಿತೆಂದು ತರಬೇತಿಗೆ ಅಂಕ ಕೊಡುವಂತಿಲ್ಲ. ಹೊಸ ಸ್ಟೈಲ್ ಲೈನಿಗೆ ಬಂದ ಮೊದಲ ದಿನಗಳಲ್ಲಿ ಕೈ ನಿಧಾನ, ಆರ್ಡರ್ ಮುಗಿಯುವ ಹೊತ್ತಿಗೆ ಚುರುಕು. ಗೌರಿ-ಗಣೇಶ, ದಸರೆಗೆ ಊರಿಗೆ ಹೋದವರಿಂದ ಲೈನ್ ಕುಂಟುತ್ತದೆ, ಆಮೇಲೆ ಚೇತರಿಸಿಕೊಳ್ಳುತ್ತದೆ. ತಾವಾಗಿ ತರಬೇತಿಗೆ ಹೆಸರು ಕೊಡುವವರು ಮೊದಲೇ ಉತ್ಸಾಹಿಗಳಾಗಿರುವುದೂ ಉಂಟು. ಹೋಲಿಸಲು ತರಬೇತಿ ಪಡೆಯದ ಸಮಾನರು ಇಲ್ಲದಿದ್ದರೆ ಇದೆಲ್ಲವೂ ತರಬೇತಿಯ ಖಾತೆಗೇ ಜಮೆಯಾಗುತ್ತದೆ.

ಅದಕ್ಕೇ ಸಂಶೋಧಕರು ಹೆಸರು ಕೊಟ್ಟ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರ ನಡುವೆ ಲಾಟರಿ ನಡೆಸಿದರು. ಅದೂ ಎರಡು ಸುತ್ತು: ಮೊದಲು ಲೈನುಗಳನ್ನು, ನಂತರ ಆಯ್ಕೆಯಾದ ಲೈನುಗಳೊಳಗೆ ಟೈಲರುಗಳನ್ನು ಎತ್ತಿದರು. ಕಲಿತವಳು ಪಕ್ಕದ ಮಿಷನ್ನಿನವಳಿಗೂ ಹೇಳಿಕೊಡುತ್ತಾಳಲ್ಲ, ಆ ಹರಡುವಿಕೆಯನ್ನೂ ಹಿಡಿಯಲು ಈ ಎರಡನೆಯ ಸುತ್ತು ಬೇಕಾಗಿತ್ತು. ಖರ್ಚಿನ ಕಡೆಯ ಲೆಕ್ಕವೂ ಪೂರ್ತಿಯಾಗಬೇಕು. ತರಬೇತುದಾರರ ಸಂಬಳ, ಸಾಮಗ್ರಿ ಎಲ್ಲರ ಕಣ್ಣಿಗೂ ಬೀಳುತ್ತವೆ. ಪಾಠದ ಹೊತ್ತಿನಲ್ಲಿ ಖಾಲಿ ಕೂತ ಮಿಷನ್ನಿನ ಉತ್ಪಾದನೆಯನ್ನು ಬಹಳಷ್ಟು ಸಂಸ್ಥೆಗಳು ಬರೆದುಕೊಳ್ಳುವುದೇ ಇಲ್ಲ.

2018ರಲ್ಲಿ ಹೊರಬಂದ ಅವರ ಪ್ರಬಂಧದ ಪ್ರಕಾರ, ತರಬೇತಿ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇ. 20 ಹೆಚ್ಚಿತ್ತು. ಮುಗಿದ ಎಂಟು ತಿಂಗಳಲ್ಲಿ ಕಂಪನಿಗೆ ದಕ್ಕಿದ ನಿವ್ವಳ ಪ್ರತಿಫಲ ಶೇ. 250ಕ್ಕೂ ಮೇಲೆ. ಕಲಿಸಿದರೆ ಕೆಲಸ ಬಿಟ್ಟು ಹೋಗುತ್ತಾರೆಂಬ ಮಾಲೀಕರ ಹಳೆಯ ಭಯಕ್ಕೂ ಆಧಾರ ಸಿಗಲಿಲ್ಲ. ಬಿಟ್ಟುಹೋದವರ ಪ್ರಮಾಣದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಯಾರನ್ನು ಕಳಿಸಬೇಕೆಂಬುದು ಇದಕ್ಕಂಟಿದ ಪ್ರಶ್ನೆ. ಭಾರತದ ಗಾರ್ಮೆಂಟ್ಸ್ ಸೂಪರ್‌ವೈಸರುಗಳ ತರಬೇತಿ ಕುರಿತ ಇನ್ನೊಂದು ಅಧ್ಯಯನದಲ್ಲಿ, ಮೊದಲು ಯಾರಿಗೆ ಕೊಡಬೇಕೆಂದು ಮೇಲಿನ ಮ್ಯಾನೇಜರುಗಳನ್ನು ಕೇಳಲಾಯಿತು. ಅವರು ಬಲವಾಗಿ ಶಿಫಾರಸು ಮಾಡಿದವರ ಲೈನುಗಳಲ್ಲಿ ಉತ್ಪಾದಕತೆ ಏರಲಿಲ್ಲ. ಶಿಫಾರಸಿನ ಪಟ್ಟಿಯಲ್ಲಿ ಕೆಳಗಿದ್ದವರ ಲೈನುಗಳಲ್ಲಿ ಸುಮಾರು ಶೇ. 12 ಏರಿತು. ಮ್ಯಾನೇಜರುಗಳು ಪಕ್ಷಪಾತ ಮಾಡಿರಲಿಲ್ಲ. ಸೂಪರ್‌ವೈಸರ್ ಬಿಟ್ಟುಹೋದರೆ ಅವರ ತಲೆಗೇ ಕೆಲಸ ಬೀಳುವುದರಿಂದ, ತರಬೇತಿ ಸಿಕ್ಕರೆ ಕೆಲಸದಲ್ಲಿ ಉಳಿಯುವಂಥವರನ್ನು ಅವರು ಮುಂದೆ ಹಾಕಿದ್ದರು. ಶಿಫಾರಸು ಪಡೆದವರು ಹೆಚ್ಚಾಗಿ ಉಳಿದುಕೊಂಡರು ಕೂಡ.

ಬೆಂಗಳೂರಿನ ಪ್ರಯೋಗದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಬೇರೆಯೇ ಇದೆ. ತರಬೇತಿ ಪಡೆದ ಮಹಿಳೆಯರ ಕೂಲಿ ಏರಿದ್ದು ಶೇ. 0.5 ಮಾತ್ರ. ಕಾರ್ಮಿಕ ಮಾರುಕಟ್ಟೆಯ ಅಡೆತಡೆಗಳೇ ಇದಕ್ಕೆ ಕಾರಣವೆಂದು ಸಂಶೋಧಕರು ಹೇಳುತ್ತಾರೆ. ಧೈರ್ಯವಾಗಿ ಮಾತಾಡುವ, ತೊಡಕು ಬಿಡಿಸುವ ಕೌಶಲ ಪಕ್ಕದ ಕಾರ್ಖಾನೆಯ ಗೇಟಿನಲ್ಲಿ ತೋರಿಸುವಂಥದ್ದಲ್ಲ; ಮನೆ, ಮಕ್ಕಳ ಶಾಲೆ ಬಿಟ್ಟು ದೂರದ ಕೆಲಸ ಹಿಡಿಯುವುದೂ ಸುಲಭವಲ್ಲ. ಹಾಗಾಗಿ ಹೆಚ್ಚಿದ ದುಡಿಮೆಯ ಫಲ ಬಹುತೇಕ ಕಂಪನಿಯಲ್ಲೇ ಉಳಿಯಿತು.

ತರಬೇತಿಯ ಲೆಕ್ಕ ಬರೆಯುವವರು ಕಂಪನಿಯ ಪ್ರತಿಫಲದ ಪಕ್ಕದಲ್ಲಿ ಕಲಿತವರ ಕೂಲಿ ಎಷ್ಟು ಏರಿತೆಂಬುದನ್ನೂ ಬರೆಯಬೇಕು. ಶೇ. 250 ಗಳಿಸಿಕೊಟ್ಟವರಿಗೆ ಅದರಲ್ಲೊಂದು ಪಾಲು ಕೊಟ್ಟರೂ ಕಂಪನಿಗೆ ನಷ್ಟವಾಗುವುದಿಲ್ಲವೆಂದು ಅದೇ ಲೆಕ್ಕ ಹೇಳುತ್ತದೆ.