ಉಗಿಯ ಯುಗದಲ್ಲಿ ಫ್ರೆಂಚರ ನೌಕಾಬಲ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕೆರೆಗಳನ್ನು ನೋಡಿ ಬೆಳೆದವರಿಗೆ ರಣನೌಕೆಗಳ ಚರಿತ್ರೆಯು ದೂರದ ಸಂಗತಿಯೆಂದು ತೋರಬಹುದು. ಇದೇ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಗೆ ಅದು ದೂರದ್ದಾಗಿರಲಿಲ್ಲ. ಮಂಗಳೂರಿನಲ್ಲಿದ್ದ ಅವನ ಹಡಗುಗಳನ್ನು 1780ರಲ್ಲಿ ಆಂಗ್ಲರು ನಾಶಮಾಡಿದರು. ಆಮೇಲೆ ಕಡಲಿನ ಮೇಲೆ ಅವನು ಫ್ರೆಂಚರ ನೆರವನ್ನೇ ನಂಬಬೇಕಾಯಿತು. 1782ರ ಜುಲೈ ತಿಂಗಳಲ್ಲಿ ಕಡಲೂರಿನ ಬಳಿ ಫ್ರೆಂಚ್ ನೌಕಾಧಿಪತಿ ಸಫ್ರೆನನು ಅವನನ್ನು ಕಂಡನು. ಸಫ್ರೆನನು ಈ ಕಡಲಿನಲ್ಲಿ ಆಂಗ್ಲರೊಡನೆ ಐದು ಬಾರಿ ಕಾದಿದ ಧೀರನು. ಆದರೆ ಸಿಂಹಳದ ತಿರುಕೋಣಮಲೆಯನ್ನು ಗೆದ್ದುಕೊಳ್ಳುವವರೆಗೂ, ಮುರಿದ ಹಡಗುಗಳನ್ನು ಸರಿಪಡಿಸಿಕೊಳ್ಳಲು ತಕ್ಕ ಬಂದರು ಅವನಿಗಿರಲಿಲ್ಲ. ಹಡಗಿನ ಬಲದಲ್ಲಿ ಅರ್ಧಪಾಲು ದಡದ ಮೇಲಿರುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಶತಮಾನವನ್ನು ನೋಡೋಣ.

ಸಫ್ರೆನನ ಹಡಗುಗಳು ಗಾಳಿಗೆ ಅಧೀನವಾಗಿದ್ದುವು. ಆ ಅಧೀನತೆಯನ್ನು ಕಳೆಯುವುದರಲ್ಲಿ ಫ್ರೆಂಚರೇ ಮುಂದಾದರು. ದ್ಯುಪುಯಿ ದ ಲೋಮ್ ಎಂಬ ಶಿಲ್ಪಿಯು ರಚಿಸಿದ 90 ಫಿರಂಗಿಗಳ ‘ನೆಪೋಲಿಯನ್’ ಹಡಗು 1850ರಲ್ಲಿ ನೀರಿಗಿಳಿಯಿತು. ಉಗಿಯಂತ್ರಕ್ಕಾಗಿಯೇ ಮೊದಲಿನಿಂದ ಯೋಚಿಸಿ ಕಟ್ಟಿದ ಮೊದಲನೆಯ ಮಹಾರಣನೌಕೆಯು ಅದೇ. ಅಷ್ಟರಲ್ಲಿ ಫ್ರೆಂಚ್ ಸೇನಾನಿ ಪೆಕ್ಸಾನನ ಸಿಡಿಗುಂಡಿನ ಫಿರಂಗಿಗಳು ಮರದ ಹಡಗುಗಳಿಗೆ ಮೃತ್ಯುವಾಗಿದ್ದುವು. 1853ರಲ್ಲಿ ಸಿನೋಪಿನ ಬಂದರಿನಲ್ಲಿ ರಷ್ಯನ್ನರ ಸಿಡಿಗುಂಡುಗಳಿಗೆ ತುರ್ಕರ ನೌಕಾದಳವು ಸುಟ್ಟುಹೋಯಿತು. ಇದಕ್ಕೆ ಪರಿಹಾರವನ್ನು ಕಂಡವರೂ ಫ್ರೆಂಚರೇ. 1855ರಲ್ಲಿ ಕಿನ್‌ಬರ್ನ್ ಕೋಟೆಯ ಮುಂದೆ ಅವರ ಮೂರು ಕಬ್ಬಿಣದ ಕವಚದ ತೇಲುಕೋಟೆಗಳು ಗುಂಡಿನ ಮಳೆಯನ್ನು ತಡೆದು ನಿಂತುವು. 1859ರಲ್ಲಿ ‘ಗ್ಲುವಾರ್’ ಎಂಬ ಹಡಗು ನೀರಿಗಿಳಿಯಿತು. ಮರದ ಒಡಲಿನ ಮೇಲೆ 5 ಅಂಗುಲಕ್ಕೆ ತುಸು ಕಡಿಮೆ ದಪ್ಪದ ಕಬ್ಬಿಣವನ್ನು ತೊಟ್ಟಿದ್ದ ಈ ನೌಕೆಯ ಮುಂದೆ ಜಗತ್ತಿನ ಹಳೆಯ ನೌಕಾದಳಗಳೆಲ್ಲವೂ ನಿಸ್ತೇಜವಾದುವು.

ಆದರೆ ಮುಂದಿನ ವರ್ಷವೇ ಆಂಗ್ಲರು ಒಡಲೆಲ್ಲವೂ ಕಬ್ಬಿಣವಾದ ‘ವಾರಿಯರ್’ ಹಡಗನ್ನು ನೀರಿಗಿಳಿಸಿದರು. ಅವರ ಕಾರ್ಖಾನೆಗಳು ಹೆಚ್ಚು, ವೇಲ್ಸಿನ ಕಲ್ಲಿದ್ದಲು ಶ್ರೇಷ್ಠ, ಇಂಧನವನ್ನು ತುಂಬಿಕೊಳ್ಳುವ ಬಂದರುಗಳೂ ಲೋಕದ ಎಲ್ಲೆಡೆ ಅವರಿಗಿದ್ದುವು. ಇದರ ಮಹತ್ತ್ವವು ಕೋಲಾರದ ಚಿನ್ನದ ಗಣಿಗಳ ಚರಿತ್ರೆಯಿಂದಲೂ ತಿಳಿಯುತ್ತದೆ. ಮೊದಲು ಅಲ್ಲಿಯ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದುವು. ಸೌದೆ, ಕಲ್ಲಿದ್ದಲುಗಳನ್ನು ಹೊರಗಿನಿಂದ ತರಬೇಕಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿಯ ಮೇಲೆ ವಿದ್ಯುಚ್ಛಕ್ತಿಯು ಬಂದು ಆ ಹೊರೆಯನ್ನು ಇಳಿಸಿತು. ನಡುಗಡಲಿನ ಹಡಗಿಗೆ ಅಂತಹ ತಂತಿಯನ್ನು ಎಳೆಯುವಂತಿಲ್ಲ. ಗಾಳಿಯ ದಾಸ್ಯವನ್ನು ಕಳೆದುಕೊಂಡ ಫ್ರೆಂಚ್ ನೌಕೆಯು ಕಲ್ಲಿದ್ದಲಿನ ದಾಸ್ಯಕ್ಕೆ ಒಳಗಾಯಿತು.

1870ರ ಯುದ್ಧದಲ್ಲಿ ಜರ್ಮನರು ನೆಲದ ಮೇಲೆಯೇ ಗೆದ್ದುದರಿಂದ, ಮುಂದೆ ಹಣವೆಲ್ಲ ಮೊದಲು ಭೂಸೈನ್ಯಕ್ಕೆ ಸಲ್ಲುವಂತಾಯಿತು. ಆಗ ‘ಹೊಸ ಪಂಥ’ವೊಂದು ತಲೆದೋರಿತು. ಇದರ ನಾಯಕನಾದ ಓಬ್ ಎಂಬ ನೌಕಾಧಿಪತಿಯು 1886ರಲ್ಲಿ ನೌಕಾಮಂತ್ರಿಯಾದನು. ದೊಡ್ಡ ಹಡಗುಗಳ ಪೈಪೋಟಿಯನ್ನು ಬಿಟ್ಟು, ಅಗ್ಗದ ಟಾರ್ಪೀಡೊ ದೋಣಿಗಳಿಂದ ತೀರವನ್ನು ಕಾಯಬೇಕು, ವೇಗದ ಹಡಗುಗಳಿಂದ ಶತ್ರುವಿನ ವ್ಯಾಪಾರವನ್ನು ಮುರಿಯಬೇಕು ಎಂಬುದು ಅವನ ವಾದ. 1888ರಲ್ಲಿ ‘ಜಿಮ್ನೋತ್’ ಎಂಬ ವಿದ್ಯುಚ್ಚಾಲಿತ ಜಲಾಂತರ್ಗಾಮಿಯೂ ಸಿದ್ಧವಾಯಿತು.

ವಾದದಲ್ಲಿ ಹುರುಳಿತ್ತು, ಸ್ಥಿರತೆಯಿರಲಿಲ್ಲ. ಓಬನ ಅಧಿಕಾರವು ಒಂದೂವರೆ ವರ್ಷವೂ ನಿಲ್ಲಲಿಲ್ಲ. ಒಬ್ಬ ಮಂತ್ರಿಯು ಆರಂಭಿಸಿದುದನ್ನು ಇನ್ನೊಬ್ಬನು ಬದಲಿಸುವನು. 1890ರ ಯೋಜನೆಯಂತೆ ಕಟ್ಟಿದ ಐದು ಮಹಾನೌಕೆಗಳು ಐದು ಬಗೆಯವಾದುವು; ಜನರು ಅದನ್ನು ಮಾದರಿಗಳ ನೌಕಾದಳವೆಂದು ಹಾಸ್ಯಮಾಡಿದರು. 1898ರಲ್ಲಿ ನೈಲ್ ನದಿಯ ಫಶೋದದ ವಿಷಯದಲ್ಲಿ ಆಂಗ್ಲರೊಡನೆ ಯುದ್ಧವು ಸಮೀಪಿಸಿದಾಗ, ಕಡಲಿನಲ್ಲಿ ಎದುರಿಸಲಾರದ ಫ್ರಾನ್ಸ್ ಹಿಂದೆಗೆಯಬೇಕಾಯಿತು. ಆ ಐದರಲ್ಲೊಂದಾದ ‘ಬೂವೆ’ ಹಡಗು 1915ರ ಮಾರ್ಚ್ 18ರಂದು ಡಾರ್ಡನೆಲ್ಸ್ ಜಲಸಂಧಿಯಲ್ಲಿ ಸಿಡಿಮದ್ದಿನ ಬಲೆಗೆ ಸಿಕ್ಕಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಆರುನೂರಕ್ಕೂ ಹೆಚ್ಚು ನಾವಿಕರು ಅದರೊಡನೆ ಅಳಿದರು.

ಉಗಿ, ಕವಚ, ಸಿಡಿಗುಂಡು, ಜಲಾಂತರ್ಗಾಮಿ—ಇವುಗಳಲ್ಲಿ ಫ್ರೆಂಚರ ಪ್ರತಿಭೆಯು ಎಲ್ಲರಿಗಿಂತ ಮುಂದಿತ್ತು. ಹೊಸದನ್ನು ಕಂಡುಹಿಡಿಯಲು ಒಬ್ಬ ಶಿಲ್ಪಿಯ ಬುದ್ಧಿಯು ಸಾಕಾದೀತು. ಅದನ್ನು ಬಲವನ್ನಾಗಿ ಮಾಡಲು ಕಾರ್ಖಾನೆ, ಕಲ್ಲಿದ್ದಲು, ಬಂದರು, ಹತ್ತಾರು ವರ್ಷ ಕದಲದ ನೀತಿ ಇವೆಲ್ಲವೂ ಬೇಕು. ಸಫ್ರೆನನಿಗೆ ದೊರೆಯದೆ ಹೋದುದೂ ಇದೇ.