ವಿಚ್ಛೇದನದ ದಾಖಲೆ: ಹುಡುಕುವ ಬಗೆ, ಪಡೆಯುವ ಕ್ರಮ

ಲಗ್ನಪತ್ರಿಕೆಗೆ ಅರಿಷಿಣ ಹಚ್ಚಿ ದೇವರ ಜಗುಲಿಯ ಮೇಲಿಡುವ ರೂಢಿ ನಮ್ಮ ಮನೆಗಳಲ್ಲಿದೆ. ಅದೇ ಮದುವೆ ಮುರಿದುಬಿದ್ದಾಗ ನ್ಯಾಯಾಲಯವು ಕೊಡುವ ಕಾಗದಕ್ಕೆ ಮಾತ್ರ ಯಾವ ಆದರವೂ ಇಲ್ಲ. ಅದು ಟ್ರಂಕಿನ ತಳ ಸೇರುತ್ತದೆ, ಇಲ್ಲವೆ ವಕೀಲರ ಕಚೇರಿಯಲ್ಲಿಯೇ ಉಳಿದುಹೋಗುತ್ತದೆ. ನೋವಿನ ನೆನಪನ್ನು ಕಣ್ಣೆದುರಿಗೆ ಇಟ್ಟುಕೊಳ್ಳಲು ಯಾರಿಗೂ ಮನಸ್ಸಾಗದು. ಆದರೆ ಹತ್ತು ವರ್ಷಗಳ ನಂತರ ಮರುಮದುವೆಯ ನೋಂದಣಿಗೆ, ಮಗುವಿನ ಪಾಸ್‌ಪೋರ್ಟಿಗೆ, ಪಿಂಚಣಿ ಹಾಗೂ ಭವಿಷ್ಯನಿಧಿಯ ನಾಮನಿರ್ದೇಶನಕ್ಕೆ, ಹೊಲದ ವಾರಸಾಕ್ಕೆ ಆ ಕಾಗದವೇ ಬೇಕಾಗುತ್ತದೆ. ಆಗ ಎಲ್ಲಿ ಹುಡುಕಬೇಕೆಂಬುದು ತಿಳಿಯದೆ ಕುಟುಂಬಗಳು ಕಂಗೆಡುತ್ತವೆ. ಲಿಂಗಸುಗೂರು ತಾಲೂಕಿನ ಗುರುಗುಂಟಾ ಹೋಬಳಿಯ ಓದುಗರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ನಾವು ಇಲ್ಲಿ ವಿವರಿಸುತ್ತಿದ್ದೇವೆ. ಉಳಿದ ಊರುಗಳವರಿಗೂ ಕ್ರಮವು ಬಹುಮಟ್ಟಿಗೆ ಇದೇ ಆಗಿದೆ.

ಮೊದಲು ಕಾಯಿದೆಯ ಮಾತು. 1955ರ ಮೇ 18ರಂದು ಜಾರಿಗೆ ಬಂದ ಹಿಂದೂ ವಿವಾಹ ಕಾಯಿದೆಯ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳು ಸ್ಪಷ್ಟವಾಗಿ ನಮೂದಾಗಿವೆ. ಆದುದರಿಂದ ನಮ್ಮ ಸಮಾಜದ ವಿವಾಹ ವಿಚ್ಛೇದನಗಳು ಸಾಮಾನ್ಯವಾಗಿ ಈ ಕಾಯಿದೆಯಂತೆಯೇ ನಡೆಯುತ್ತವೆ. ಪರಸ್ಪರ ಒಪ್ಪಿಗೆಯ ವಿಚ್ಛೇದನವು 1976ರ ತಿದ್ದುಪಡಿಯಿಂದ ಸೇರಿದುದು.

ಇದಕ್ಕೂ ಹಿಂದಿನಿಂದ ನಮ್ಮ ಭಾಗದಲ್ಲಿ ಸೋಡಚೀಟಿಯ ಪದ್ಧತಿ ಇತ್ತು. ದೈವದವರು ಕುಳಿತು, ಇಬ್ಬರ ಒಪ್ಪಿಗೆ ಪಡೆದು, ಕಾಗದ ಬರೆಯಿಸಿ, ಬಿಡುಗಡೆ ಮಾಡುತ್ತಿದ್ದರು. ರೂಢಿಯಿಂದ ಮಾನ್ಯವಾದ ವಿಚ್ಛೇದನದ ಹಕ್ಕನ್ನು ಕಾಯಿದೆಯ 29ನೆಯ ಕಲಮು ಉಳಿಸಿಕೊಂಡಿದೆ ಎಂಬುದು ನಿಜ. ಆದರೆ ಅಂಥ ರೂಢಿಯನ್ನು ಹೇಳಿಕೊಳ್ಳುವವರು ಅದನ್ನು ಸಾಕ್ಷ್ಯದಿಂದ ಸಿದ್ಧಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಹೇಳಿದೆ. ಛಾಪಾಕಾಗದದ ಮೇಲೆ ನಾಲ್ವರು ಹಿರಿಯರು ರುಜು ಹಾಕಿದ ಮಾತ್ರಕ್ಕೆ ಅದು ವಿಚ್ಛೇದನವಾಗದು. ಮನೆಯಲ್ಲಿ ಇಂಥ ಕಾಗದವೊಂದೇ ಇದ್ದರೆ, ಅದಕ್ಕೆ ಸಂಬಂಧಿಸಿದ ದಾಖಲೆಯನ್ನು ನ್ಯಾಯಾಲಯದಲ್ಲಿ ಹುಡುಕುವುದು ವ್ಯರ್ಥ. ಅಂಥವರು ಮುಂದಿನ ಹೆಜ್ಜೆಯನ್ನು ವಕೀಲರನ್ನು ಕೇಳಿಯೇ ಇಡುವುದು ಕ್ಷೇಮಕರ.

ನ್ಯಾಯಾಲಯದಲ್ಲಿ ಪ್ರಕರಣ ನಡೆದಿದ್ದರೆ, ಯಾವ ನ್ಯಾಯಾಲಯವೆಂಬುದೇ ಮೊದಲ ಪ್ರಶ್ನೆ. ಗಂಡಹೆಂಡಿರ ಊರು ಗುರುಗುಂಟಾ ಆಗಿದ್ದರೂ ದಾಖಲೆಯು ಲಿಂಗಸುಗೂರಿನಲ್ಲಿಯೇ ಇರಬೇಕೆಂದಿಲ್ಲ. ಮದುವೆ ನಡೆದ ಸ್ಥಳ, ಎದುರುದಾರರು ವಾಸಿಸುವ ಸ್ಥಳ, ದಂಪತಿಗಳು ಕೊನೆಯದಾಗಿ ಕೂಡಿ ಬಾಳಿದ ಸ್ಥಳ, ಇವುಗಳಲ್ಲಿ ಯಾವುದಾದರೊಂದರ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯ ನಂತರ ಅರ್ಜಿದಾರಳು ಹೆಂಡತಿಯಾಗಿದ್ದರೆ ಆಕೆ ಇರುವ ಊರಿನ ನ್ಯಾಯಾಲಯದಲ್ಲಿಯೂ ಹಾಕಬಹುದು. ಮದುವೆ ಸಿಂಧನೂರಿನ ಕಲ್ಯಾಣಮಂಟಪದಲ್ಲಿ, ಸಂಸಾರ ಬೆಂಗಳೂರಿನಲ್ಲಿ, ತವರು ಬಾಗಲಕೋಟೆಯಲ್ಲಿ ಎಂದಾದರೆ ಮೂರೂ ಕಡೆ ವಿಚಾರಿಸಬೇಕಾಗುತ್ತದೆ. ನಮ್ಮ ತಾಲೂಕಿನ ಮಟ್ಟಿಗೆ ಲಿಂಗಸುಗೂರಿನ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ, ಜಿಲ್ಲಾ ಕೇಂದ್ರದಲ್ಲಿ ರಾಯಚೂರಿನ ಕೌಟುಂಬಿಕ ನ್ಯಾಯಾಲಯ, ಈ ಎರಡನ್ನು ಮೊದಲು ನೋಡಬೇಕು. ಮಸ್ಕಿಯು ಪ್ರತ್ಯೇಕ ತಾಲೂಕಾದುದು ಈಚೆಗೆ. ಆ ಭಾಗದ ಹಳೆಯ ಪ್ರಕರಣಗಳನ್ನು ಲಿಂಗಸುಗೂರು, ಸಿಂಧನೂರುಗಳಲ್ಲಿಯೂ ವಿಚಾರಿಸಬೇಕು. ಮೇಲ್ಮನವಿ ಆಗಿದ್ದರೆ ಅದರ ದಾಖಲೆ ಉಚ್ಚ ನ್ಯಾಯಾಲಯದ್ದು. 2008ರಲ್ಲಿ ಕಲಬುರಗಿಯ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಅದು ಕಾಯಂ ಪೀಠವಾಯಿತು. ಅದಕ್ಕೂ ಹಿಂದೆ ತೀರ್ಮಾನವಾದ ಮೇಲ್ಮನವಿಗಳು ಬೆಂಗಳೂರಿನಲ್ಲಿ ನಡೆದವು.

ಹುಡುಕಲು ಬೇಕಾದುದು ಪ್ರಕರಣದ ಸಂಖ್ಯೆ ಮತ್ತು ವರ್ಷ. ವಿವಾಹ ಸಂಬಂಧದ ಪ್ರಕರಣಗಳಿಗೆ ನಮ್ಮ ರಾಜ್ಯದಲ್ಲಿ 'ಎಂ.ಸಿ.' ಎಂಬ ಗುರುತಿನ ಸಂಖ್ಯೆ ಇರುತ್ತದೆ. ಹಳೆಯ ಸಮನ್ಸು, ವಕೀಲರ ನೋಟೀಸು, ಪೇಶಿಯ ತಾರೀಖು ಬರೆದ ಚೀಟಿ, ಇವುಗಳಲ್ಲಿ ಯಾವುದಾದರೂ ಒಂದರ ಮೇಲೆ ಅದು ಸಿಕ್ಕೇ ಸಿಗುತ್ತದೆ. ಏನೂ ಇಲ್ಲದಿದ್ದರೆ ಅಂದಿನ ವಕೀಲರನ್ನೋ ಅವರ ಗುಮಾಸ್ತರನ್ನೋ ಕಾಣಬೇಕು. ಈಗ ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಪಕ್ಷಕಾರರ ಹೆಸರು ಮತ್ತು ವರ್ಷ ಕೊಟ್ಟು ಹುಡುಕುವ ಅನುಕೂಲವಿದೆ. ಪ್ರತಿಯೊಂದು ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಹೆಸರಿನ ಕಾಗುಣಿತ ಬೇರೆಯಾದರೆ ಪ್ರಕರಣ ಕಾಣಿಸದೆ ಹೋಗಬಹುದು. ಆದುದರಿಂದ ಎರಡು ಮೂರು ಬಗೆಯಲ್ಲಿ ಬರೆದು ನೋಡಬೇಕು. ಹಳೆಯ ಪ್ರಕರಣಗಳೆಲ್ಲ ಅಲ್ಲಿ ಇರುತ್ತವೆಂಬ ಭರವಸೆಯೂ ಬೇಡ. ಅಲ್ಲಿಂದ ತೆಗೆದ ಹಾಳೆಯು ಮಾಹಿತಿಗೆ ಮಾತ್ರ. ಕಚೇರಿಗಳು ಒಪ್ಪುವುದು ನ್ಯಾಯಾಲಯದ ಮೊಹರಿರುವ ದೃಢೀಕೃತ ನಕಲನ್ನು.

ಈ ನಕಲನ್ನು ಪಡೆಯುವುದು ಕಷ್ಟದ ಕೆಲಸವೇನಲ್ಲ. ತೀರ್ಪು ಕೊಟ್ಟ ನ್ಯಾಯಾಲಯದ ನಕಲು ವಿಭಾಗಕ್ಕೆ ಅರ್ಜಿ ಕೊಡಬೇಕು. ಅದರಲ್ಲಿ ಪ್ರಕರಣದ ಸಂಖ್ಯೆ, ಪಕ್ಷಕಾರರ ಹೆಸರು, ತೀರ್ಪಿನ ದಿನಾಂಕ, ಬೇಕಾದ ಕಾಗದಗಳ ವಿವರ ಬರೆದು ನಿಗದಿತ ಶುಲ್ಕ ತುಂಬಬೇಕು. ತೀರ್ಪು ಮತ್ತು ಡಿಕ್ರಿ ಬೇರೆ ಬೇರೆ ಕಾಗದಗಳು. ತೀರ್ಪಿನಲ್ಲಿ ಕಾರಣಗಳಿರುತ್ತವೆ, ಡಿಕ್ರಿಯಲ್ಲಿ ನಿರ್ಣಯವಿರುತ್ತದೆ. ಎರಡನ್ನೂ ಕೇಳಬೇಕು. ನಕಲಿನ ಮೇಲೆ ಅರ್ಜಿಯ ದಿನ, ನಕಲು ಸಿದ್ಧವಾದ ದಿನ, ಕೈಗೆ ಕೊಟ್ಟ ದಿನ ಇವು ನಮೂದಾಗಿವೆಯೇ ಎಂದು ನೋಡಿಕೊಳ್ಳಬೇಕು. ನಕಲಿಗಾಗಿ ಹಿಡಿದ ಕಾಲವನ್ನು ಮೇಲ್ಮನವಿಯ ಅವಧಿಯಿಂದ ಕಳೆಯಲು ಕಾಯಿದೆ ಅವಕಾಶ ಕೊಟ್ಟಿದೆ.

ಬಹುಜನರಿಗೆ ತಿಳಿಯದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ವಿಚ್ಛೇದನದ ಡಿಕ್ರಿಯಾದಾಗ ಅದರ ಒಂದು ಪ್ರತಿಯನ್ನು ಗಂಡಹೆಂಡಿರಿಬ್ಬರಿಗೂ ಉಚಿತವಾಗಿ ಕೊಡಬೇಕೆಂದು 23ನೆಯ ಕಲಮಿನ ನಾಲ್ಕನೆಯ ಉಪಕಲಮು ವಿಧಿಸಿದೆ. ಅದನ್ನು ಅಂದೇ ಕೇಳಿ ಪಡೆದಿದ್ದರೆ ಮುಂದಿನ ಅಲೆದಾಟವೇ ಇರುತ್ತಿರಲಿಲ್ಲ. ನಂತರ ಬೇಕಾಗುವ ನಕಲುಗಳಿಗೆ ವೆಚ್ಚವಾಗುತ್ತದೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ನೀಡಿದೆ. ತಾಲೂಕು ಕಾನೂನು ಸೇವೆಗಳ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಸಾಕು.

ಯಾರು ಬೇಕಾದರೂ ಈ ಕಾಗದಗಳನ್ನು ಪಡೆಯಬಹುದೇ? ಪಕ್ಷಕಾರರಿಗೆ ಹಕ್ಕಿದೆ. ಹೊರಗಿನವರಾದರೆ ಕಾರಣವನ್ನು ಪ್ರಮಾಣಪತ್ರದಲ್ಲಿ ತಿಳಿಸಿ ನ್ಯಾಯಾಧೀಶರ ಅಪ್ಪಣೆ ಪಡೆಯಬೇಕು. ವಿವಾಹ ಪ್ರಕರಣಗಳ ವಿಚಾರಣೆ ಗುಪ್ತವಾಗಿ ನಡೆಯಬೇಕೆಂದೂ ಅಪ್ಪಣೆಯಿಲ್ಲದೆ ಅದರ ಸಂಗತಿಗಳನ್ನು ಪ್ರಕಟಿಸಬಾರದೆಂದೂ 22ನೆಯ ಕಲಮು ಹೇಳುತ್ತದೆ. ಮಾಹಿತಿ ಹಕ್ಕಿನ ಅರ್ಜಿಯಿಂದಲೂ ಇದನ್ನು ದಾಟಲಾಗದು. ನ್ಯಾಯಾಲಯದ ನಿಯಮಗಳ ಪ್ರಕಾರವೇ ನಕಲು ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿದೆ. ಇದು ಅಡ್ಡಿಯಲ್ಲ, ಮಾನರಕ್ಷಣೆ. ಒಬ್ಬ ಹೆಣ್ಣುಮಗಳ ಸಂಸಾರದ ಕಥೆಯು ಕಟ್ಟೆಯ ಮೇಲಿನ ಹರಟೆಯಾಗಬಾರದು.

ಕೈಗೆ ಬಂದ ಕಾಗದ ಯಾವುದೆಂಬುದನ್ನೂ ಪರೀಕ್ಷಿಸಬೇಕು. ಜೀವನಾಂಶದ ಆದೇಶವು ವಿಚ್ಛೇದನವಲ್ಲ. ನ್ಯಾಯಿಕ ಪ್ರತ್ಯೇಕತೆಯ ಡಿಕ್ರಿಯೂ ವಿಚ್ಛೇದನವಲ್ಲ. ಅದರಲ್ಲಿ ವಿವಾಹಬಂಧನ ಉಳಿದಿರುತ್ತದೆ. ಒಪ್ಪಿಗೆಯ ಪ್ರಕರಣದಲ್ಲಿ ಮೊದಲ ಅರ್ಜಿ ಹಾಕಿ ಬಂದ ಮಾತ್ರಕ್ಕೆ ಬಿಡುಗಡೆಯಾಗದು. ಎರಡನೆಯ ಹಂತ ಮುಗಿದು ಡಿಕ್ರಿ ಆಗಲೇಬೇಕು. ಡಿಕ್ರಿಯಾದ ಮರುದಿನವೇ ಮರುಮದುವೆ ಮಾಡುವುದೂ ಸಲ್ಲದು. 15ನೆಯ ಕಲಮಿನಂತೆ ಮೇಲ್ಮನವಿಯ ಅವಧಿ ತೀರಿರಬೇಕು, ಇಲ್ಲವೆ ಹಾಕಿದ ಮೇಲ್ಮನವಿ ವಜಾ ಆಗಿರಬೇಕು. ವಿವಾಹ ಕಾಯಿದೆಯಲ್ಲಿ ಈ ಅವಧಿ 2003ರಿಂದ 90 ದಿನ. ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯಲ್ಲಿ 30 ದಿನವೆಂದಿದ್ದರೂ, ದೊಡ್ಡ ಅವಧಿಯನ್ನು ಕಾಯುವುದೇ ಜಾಣತನ.

ಈ ದಾಖಲೆಯಲ್ಲಿ ಪಣಕ್ಕಿಟ್ಟಿರುವುದು ಏನೆಂಬುದಕ್ಕೆ ಏಕಪಕ್ಷೀಯ ಡಿಕ್ರಿಯೇ ನಿದರ್ಶನ. ಗಂಡನು ದುಡಿಯಲು ದೂರದ ಪಟ್ಟಣ ಸೇರುತ್ತಾನೆ, ಹೆಂಡತಿ ತವರಿನಲ್ಲಿ ಉಳಿಯುತ್ತಾಳೆ. ಅಲ್ಲಿಯೇ ಅರ್ಜಿ ಹಾಕಿ, ಸಮನ್ಸು ಆಕೆಗೆ ಮುಟ್ಟದೆ, ಆಕೆ ಹಾಜರಾಗಲಿಲ್ಲವೆಂದು ಡಿಕ್ರಿ ಆಗಿಬಿಡಬಹುದು. ವರ್ಷಗಳ ನಂತರ ಆತ ಬೇರೆ ಮದುವೆಯಾದಾಗ ಅಥವಾ ತೀರಿಕೊಂಡಾಗ ಆಕೆಗೆ ಸುದ್ದಿ ತಿಳಿಯುತ್ತದೆ. ಸಮನ್ಸು ಸರಿಯಾಗಿ ಜಾರಿಯಾಗದಿದ್ದರೆ, ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನಗಳೊಳಗೆ ಅದನ್ನು ರದ್ದುಪಡಿಸಲು ಅದೇ ನ್ಯಾಯಾಲಯವನ್ನು ಕೇಳಬಹುದು. ಆಗ ಅಳುತ್ತ ಕೂಡುವ ಸಮಯವಲ್ಲ. ತೀರ್ಪು, ಡಿಕ್ರಿ, ಆದೇಶ ಹಾಳೆ, ಸಮನ್ಸು ಜಾರಿಯ ವರದಿ, ಇವುಗಳ ನಕಲನ್ನು ಕೂಡಲೇ ತೆಗೆಸಬೇಕು. ಸಮನ್ಸು ಯಾವ ವಿಳಾಸಕ್ಕೆ ಹೋಯಿತು, ಯಾರು ಪಡೆದರು ಎಂಬುದು ಆ ವರದಿಯಲ್ಲಿಯೇ ಇರುತ್ತದೆ.

ದಾಖಲೆಗಳು ಅನಂತಕಾಲ ಇರುವುದಿಲ್ಲವೆಂಬುದೂ ನೆನಪಿರಲಿ. 1917ರ ದಾಖಲೆಗಳ ನಾಶ ಕಾಯಿದೆಯಂತೆ ಉಚ್ಚ ನ್ಯಾಯಾಲಯವು ಮಾಡುವ ನಿಯಮಗಳ ಪ್ರಕಾರ, ಅವಧಿ ಮೀರಿದ ಕಾಗದಗಳನ್ನು ನಾಶಪಡಿಸಲು ಅವಕಾಶವಿದೆ. ಮಿಸಲಿನಲ್ಲಿ ಹಾಕಿದ ಲಗ್ನಪತ್ರಿಕೆ, ಮದುವೆಯ ಭಾವಚಿತ್ರ ಮೊದಲಾದ ಮೂಲ ಕಾಗದಗಳನ್ನು ಪ್ರಕರಣ ಮುಗಿದ ಮೇಲೆ ಅರ್ಜಿ ಕೊಟ್ಟು ಹಿಂದೆ ಪಡೆಯಬೇಕು. ಇನ್ನು ನಿಜಾಮರ ಕಾಲದ ಕಾಗದಗಳನ್ನು ಹುಡುಕುವವರಿಗೆ ಒಂದು ಮಾತು. ರಾಯಚೂರು ಜಿಲ್ಲೆಯು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಆಡಳಿತದ ನ್ಯಾಯಾಲಯಗಳ ಭಾಷೆ ಉರ್ದು. ಆದುದರಿಂದ ಅಂದಿನ ಬರಹಕ್ಕೆ ಉರ್ದು ಬಲ್ಲವರ ನೆರವು ಬೇಕಾದೀತು.

ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ವಿಚ್ಛೇದನವಾದ ಹುಡುಗ ಅಥವಾ ಹುಡುಗಿಯ ಸಂಬಂಧ ಬಂದಾಗ, ವೀಳ್ಯ ಹಿಡಿಯುವ ಮೊದಲೇ ಡಿಕ್ರಿಯ ದೃಢೀಕೃತ ನಕಲನ್ನು ನೋಡಿರಿ. ಕೇಳುವವರು ಸಂಕೋಚಪಡಬೇಕಾಗಿಲ್ಲ, ತೋರಿಸುವವರು ತಲೆತಗ್ಗಿಸಬೇಕಾಗಿಲ್ಲ. ಮೊದಲ ಮದುವೆ ಕಾಯಿದೆಯಂತೆ ಮುಗಿಯದೆ ಎರಡನೆಯದು ನಡೆದರೆ ಅದು ಅಸಿಂಧುವಾಗುತ್ತದೆ. ಹಾಗೆ ಆದಾಗ ಕಷ್ಟಪಡುವವಳು ಹೆಚ್ಚಾಗಿ ಹೊಸದಾಗಿ ಬಂದ ಆ ಹೆಣ್ಣುಮಗಳೇ. ಒಂದು ಅರ್ಜಿ, ಸ್ವಲ್ಪ ಶುಲ್ಕ, ಲಿಂಗಸುಗೂರಿಗೆ ಎರಡು ಸಲದ ಪ್ರಯಾಣ, ಇಷ್ಟರಿಂದ ತಪ್ಪಿಸಬಹುದಾದ ಸಂಕಟವನ್ನು ಉದಾಸೀನದಿಂದ ಬರಮಾಡಿಕೊಳ್ಳುವುದು ಗೃಹಸ್ಥರಿಗೆ ತರವಲ್ಲ.